ಉಳಿಯಬೇಕಾದ ಹೆಸರು, ಅಳಿಯಬೇಕಾದ ಹೆಸರು: ಜಾಂಬೋಟಿ ಹಾದಿಯಿಂದ ಕಾರು ಉದ್ಯಮದ ಸಮೀಕ್ಷೆ

ಬೆಳಗಾವಿಯಿಂದ ಖಾನಾಪುರದ ಕಡೆ ಹೊರಟರೆ ಮೊದಲು ಉದ್ಯಮಬಾಗ ಸಿಗುತ್ತದೆ. ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯುವ ಫೌಂಡ್ರಿಗಳು, ಎರಕದ ಭಾಗಗಳನ್ನು ಕೊರೆದು ಅಳತೆಗೆ ತರುವ ಮಷಿನ್ ಶಾಪ್‌ಗಳು ಇಲ್ಲಿ ಸಾಲುಸಾಲಾಗಿವೆ. ಮುಂದೆ ಪೀರನವಾಡಿಯಲ್ಲಿ ಬಲಕ್ಕೆ ಹೊರಳಿದರೆ ಕಿಣಯೆ, ಜಾಂಬೋಟಿ, ಮಲಪ್ರಭೆ ಹುಟ್ಟುವ ಕಣಕುಂಬಿ, ಆಮೇಲೆ ಚೋರ್ಲಾ ಘಾಟು ಇಳಿದು ಗೋವಾ. ವಾಹನದ ಬಿಡಿಭಾಗ ಹುಟ್ಟುವ ಜಾಗವೂ ಅದೇ ವಾಹನ ಸವೆಯುವ ಜಾಗವೂ ಒಂದೇ ರಸ್ತೆಯ ಮೇಲಿರುವ ಊರು ಕರ್ನಾಟಕದಲ್ಲಿ ಅಪರೂಪ.

ಈ ರಸ್ತೆಯಲ್ಲಿ ಓಡುವ ಗಾಡಿಗಳಲ್ಲಿ ಕಂಪನಿಗಳು ಎಂದೋ ಕೈಬಿಟ್ಟ ಹೆಸರುಗಳು ಬಹಳ. ಸುಮೋ, ಕ್ವಾಲಿಸ್, ಟವೇರಾ, ಇಂಡಿಕಾ, ಓಮ್ನಿ. ಇವುಗಳಲ್ಲಿ ಒಂದೂ ಇಂದು ಶೋರೂಮಿನಲ್ಲಿ ಹೊಸದಾಗಿ ಸಿಗುವುದಿಲ್ಲ. ಆದರೂ ಮಳೆಗಾಲದ ಕೆಸರಿನಲ್ಲಿ ಸಂತೆಗೆ, ಆಸ್ಪತ್ರೆಗೆ, ಮದುವೆಗೆ ಜನರನ್ನು ಹೊತ್ತೊಯ್ಯುವ ಕೆಲಸವನ್ನು ಇವು ಬಿಟ್ಟಿಲ್ಲ. ಸಂಕಷ್ಟಕ್ಕೆ ಸಿಕ್ಕಿದ ಕಾರು ಕಂಪನಿ ತನ್ನ ಬ್ರ್ಯಾಂಡುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಆಡಳಿತ ಮಂಡಳಿಯ ಕೋಣೆಯಿಂದ, ಷೇರುಪೇಟೆಯಿಂದ ನೋಡುತ್ತಾರೆ. ಅದನ್ನು ಜಾಂಬೋಟಿ ಹಾದಿಯಿಂದಲೂ ನೋಡಬೇಕು ಎಂಬುದು ಈ ಲೇಖನದ ಒತ್ತಾಯ. ಡೆಟ್ರಾಯಿಟ್‌ನಿಂದ ಧಾರವಾಡದವರೆಗೆ ಈ ಪ್ರಶ್ನೆಗೆ ಸಿಕ್ಕ ಉತ್ತರಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಮೊದಲು ಪದರಗಳನ್ನು ಬಿಡಿಸೋಣ

ಚರ್ಚೆಯಲ್ಲಿ ಮೂರು ಸಂಗತಿಗಳು ಸದಾ ಕಲಸಿಹೋಗುತ್ತವೆ. ಒಂದು, ಷೆವರ್ಲೆ, ಜಾಗ್ವಾರ್, ಡ್ಯಾಟ್ಸನ್‌ನಂಥ ಬ್ರ್ಯಾಂಡ್. ಎರಡು, ಆ ಬ್ರ್ಯಾಂಡಿನ ಅಡಿಯ ಮಾದರಿ. ಸುಮೋ, ಇನ್ನೋವಾ ಇದ್ದಂತೆ. ಮೂರು, ಹೆಸರಿನ ಕೆಳಗೆ ಅಡಗಿರುವ ಯಂತ್ರ: ಚಾಸಿ, ಎಂಜಿನ್, ಗೇರ್‌ಬಾಕ್ಸ್. ಗಿರಾಕಿ ನೋಡುವುದು ಮೊದಲೆರಡನ್ನು. ಕಂಪನಿಯ ಹಣ ಹೋಗುವುದು ಬಹುತೇಕ ಮೂರನೆಯದಕ್ಕೆ.

ಇದಕ್ಕೆ ನಮ್ಮ ದೇಶದ್ದೇ ಒಳ್ಳೆಯ ನಿದರ್ಶನ ಫಿಯೆಟ್‌ನ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನ್. ಮಾರುತಿ ಸ್ವಿಫ್ಟ್, ಡಿಸೈರ್, ಟಾಟಾ ವಿಸ್ಟಾ, ಮಾಂಜಾ, ಜೆಸ್ಟ್, ಫಿಯೆಟ್‌ನದೇ ಪುಂಟೊ ಎಲ್ಲದರ ಹೊಟ್ಟೆಯಲ್ಲೂ ಇದೇ ಎಂಜಿನ್ ಇತ್ತು. ಜನ ಇದನ್ನು ರಾಷ್ಟ್ರೀಯ ಎಂಜಿನ್ ಎಂದೇ ಕರೆದರು. ಸ್ವಿಫ್ಟ್ ಲಕ್ಷಗಟ್ಟಲೆ ಮಾರಾಟವಾಯಿತು, ಪುಂಟೊ ಸೊರಗಿತು. ಎಂಜಿನ್ ಒಂದೇ ಆದರೂ ಸರ್ವಿಸ್ ಸೆಂಟರುಗಳ ಜಾಲ, ಬಿಡಿಭಾಗದ ಬೆಲೆ, ಮರುಮಾರಾಟದ ಭರವಸೆ ಒಂದೇ ಆಗಿರಲಿಲ್ಲ. 2019ರ ಹೊತ್ತಿಗೆ ಫಿಯೆಟ್ ಹೆಸರು ಭಾರತದ ಮಾರುಕಟ್ಟೆಯಿಂದ ಮರೆಯಾಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಜಾರಿಯಾದಾಗ ಎಂಜಿನ್ನೂ ನಿಂತಿತು. ಎಂಜಿನ್ ಗಟ್ಟಿಯಾಗಿದ್ದ ಮಾತ್ರಕ್ಕೆ ಬ್ರ್ಯಾಂಡ್ ಉಳಿಯದು, ಬ್ರ್ಯಾಂಡ್ ಸೋತ ಮಾತ್ರಕ್ಕೆ ಎಂಜಿನ್ನೂ ಸೋಲದು ಎಂಬುದನ್ನು ಈ ಪ್ರಕರಣ ತೋರಿಸಿತು.

ಡೆಟ್ರಾಯಿಟ್: ಎಂಟರಿಂದ ನಾಲ್ಕಕ್ಕೆ

ಈ ಪ್ರಶ್ನೆ ಜಗತ್ತಿನ ಕಣ್ಣೆದುರು ಅತಿ ದೊಡ್ಡದಾಗಿ ನಿಂತದ್ದು 2009ರಲ್ಲಿ. ಆ ವರ್ಷ ಜೂನ್ 1ರಂದು ಜನರಲ್ ಮೋಟರ್ಸ್ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಆಗ ಅಮೆರಿಕದಲ್ಲಿ ಅದು ಎಂಟು ಬ್ರ್ಯಾಂಡ್ ನಡೆಸುತ್ತಿತ್ತು: ಷೆವರ್ಲೆ, ಕ್ಯಾಡಿಲಾಕ್, ಬ್ಯೂಕ್, ಜಿಎಂಸಿ, ಪಾಂಟಿಯಾಕ್, ಸ್ಯಾಟರ್ನ್, ಹಮ್ಮರ್, ಸಾಬ್. ಮೊದಲ ನಾಲ್ಕು ಉಳಿದವು. ಪಾಂಟಿಯಾಕ್ ಮುಚ್ಚಿತು. ಸ್ಯಾಟರ್ನನ್ನು ಪೆನ್ಸ್ಕೆ ಸಂಸ್ಥೆಗೆ ಮಾರುವ ಮಾತುಕತೆ ಮುರಿದುಬಿದ್ದು ಅದೂ ಮುಚ್ಚಿತು. ಹಮ್ಮರನ್ನು ಚೀನಾದ ಕಂಪನಿಯೊಂದಕ್ಕೆ ಮಾರುವ ಯತ್ನ 2010ರಲ್ಲಿ ವಿಫಲವಾಯಿತು. ಸಾಬ್ ಡಚ್ ಕಂಪನಿ ಸ್ಪೈಕರ್ ಕೈಸೇರಿ 2011ರ ಕೊನೆಗೆ ದಿವಾಳಿಯಾಯಿತು.

ಈ ಆಯ್ಕೆಯ ಹಿಂದಿದ್ದ ತರ್ಕ ಗಮನಾರ್ಹ. ಅಮೆರಿಕದಲ್ಲಿ ಬ್ಯೂಕ್ ಮುದುಕರ ಕಾರು ಎನಿಸಿಕೊಂಡಿತ್ತು. ಯುವಕರಿಗೆ ಪ್ರಿಯವಾಗಿದ್ದದ್ದು ಪಾಂಟಿಯಾಕ್. ಹಾಗಿದ್ದೂ ಬ್ಯೂಕ್ ಉಳಿಯಿತು, ಏಕೆಂದರೆ ಚೀನಾದಲ್ಲಿ ಅದಕ್ಕೆ ಭಾರೀ ಬೇಡಿಕೆ ಇತ್ತು. ಜಿಎಂಸಿ ಪಿಕಪ್‌ಗೂ ಷೆವರ್ಲೆ ಪಿಕಪ್‌ಗೂ ಒಳಗಿನ ಯಂತ್ರ ಬಹುಪಾಲು ಒಂದೇ. ಹೊಸ ಬಂಡವಾಳ ಬೇಡದೆ ಹೆಚ್ಚು ಬೆಲೆ ತರುತ್ತಿದ್ದ ಹೆಸರದು. ಪಾಂಟಿಯಾಕ್ ಹೆಸರಿನಲ್ಲಿ ಬರುತ್ತಿದ್ದ ಕಾರುಗಳಲ್ಲಿ ಹೆಚ್ಚಿನವು ಷೆವರ್ಲೆಯವೇ ಮುಖವಾಡ ಬದಲಿಸಿ ಬಂದಂಥವು. ಒಂದೇ ಹಿಟ್ಟಿನಲ್ಲಿ ರೊಟ್ಟಿ ತಟ್ಟಿ ನಾಲ್ಕು ಹೆಸರಿಟ್ಟು ಮಾರಿದರೆ ತಿನ್ನುವವನಿಗೆ ಬೇಗ ಗೊತ್ತಾಗುತ್ತದೆ. ಗ್ರಾಹಕ ಪಾಂಟಿಯಾಕನ್ನು ಕೈಬಿಟ್ಟ ಎಂಬುದಕ್ಕಿಂತ, ಪಾಂಟಿಯಾಕಿಗೆ ಪ್ರತ್ಯೇಕ ಕೆಲಸ ಕೊಡುವುದನ್ನು ಕಂಪನಿಯೇ ಎಷ್ಟೋ ಮೊದಲು ನಿಲ್ಲಿಸಿತ್ತು ಎನ್ನುವುದು ಸರಿ.

ಬಿಡುವುದೂ ಅಗ್ಗದ ಕೆಲಸವಲ್ಲ. 1897ರಷ್ಟು ಹಳೆಯ ಓಲ್ಡ್ಸ್‌ಮೊಬೈಲನ್ನು ಮುಚ್ಚುವುದಾಗಿ ಜನರಲ್ ಮೋಟರ್ಸ್ 2000ದ ಡಿಸೆಂಬರಿನಲ್ಲಿ ಘೋಷಿಸಿತು. ಕೊನೆಯ ಕಾರು ಹೊರಬಂದದ್ದು 2004ರಲ್ಲಿ. ಡೀಲರುಗಳಿಗೆ ಪರಿಹಾರ ಕೊಡಲೆಂದೇ ಭಾರೀ ಮೊತ್ತ ಹೋಯಿತು. ಆರೋಗ್ಯವಾಗಿದ್ದಾಗ ಬ್ರ್ಯಾಂಡ್ ಮುಚ್ಚಲು ಧೈರ್ಯ ಬಾರದು, ಕಾಯಿಲೆ ಬಿದ್ದಾಗ ಹಣ ಇರದು. ಹಾಗಾಗಿಯೇ ಈ ತೀರ್ಮಾನ ಸಾಮಾನ್ಯವಾಗಿ ತಡವಾಗಿ, ನ್ಯಾಯಾಲಯದ ನೆರಳಿನಲ್ಲಿ ಆಗುತ್ತದೆ.

ಪಕ್ಕದ ಫೋರ್ಡ್ ಕಂಪನಿ ದಿವಾಳಿಯಾಗದೆ ಉಳಿಯಿತು. 2006ರಲ್ಲಿ ಮುಖ್ಯಸ್ಥರಾಗಿ ಬಂದ ಅಲನ್ ಮುಲಾಲಿ ಆಸ್ಟನ್ ಮಾರ್ಟಿನನ್ನು 2007ರಲ್ಲಿ, ಜಾಗ್ವಾರ್ ಮತ್ತು ಲ್ಯಾಂಡ್ ರೋವರನ್ನು 2008ರಲ್ಲಿ, ವೋಲ್ವೊವನ್ನು 2010ರಲ್ಲಿ ಮಾರಿದರು. ಮರ್ಕ್ಯುರಿಯನ್ನು ಮುಚ್ಚುವ ತೀರ್ಮಾನವೂ 2010ರಲ್ಲೇ ಆಯಿತು. ಇದೇ ಮುಲಾಲಿ ಇನ್ನೊಂದು ಕೆಲಸ ಮಾಡಿದರು. ಟಾರಸ್ ಎಂಬ ಜನಪ್ರಿಯ ಮಾದರಿಯ ಹೆಸರನ್ನು ಕಂಪನಿ ಆಗಷ್ಟೇ ಕೈಬಿಟ್ಟು, ಫೈವ್ ಹಂಡ್ರೆಡ್ ಎಂಬ ಹೊಸ ಹೆಸರಿನ ಕಾರನ್ನು ಮಾರಲು ಹೆಣಗುತ್ತಿತ್ತು. 2007ರಲ್ಲಿ ಆ ಕಾರಿಗೇ ಟಾರಸ್ ಎಂಬ ಹಳೆಯ ಹೆಸರನ್ನು ಮರಳಿ ಇಡಿಸಿದರು. ಮನೆಮನೆಗೆ ಗೊತ್ತಿರುವ ಹೆಸರನ್ನು ಬಿಸಾಡಿ ಹೊಸದನ್ನು ಕಟ್ಟಲು ಕೋಟಿಗಟ್ಟಲೆ ಸುರಿಯುವುದು ವ್ಯರ್ಥ ಎಂಬುದು ಅವರ ನಿಲುವು. ಬ್ರ್ಯಾಂಡು ಕಡಿಮೆ ಮಾಡುವುದರ ಜೊತೆಗೆ ಬೇರೂರಿದ ಮಾದರಿಯ ಹೆಸರನ್ನು ಕಾಪಾಡುವುದೂ ಮುಖ್ಯ ಎಂಬ ಪಾಠ ಇಲ್ಲಿದೆ.

ಬ್ರಿಟನ್: ಎಲ್ಲವನ್ನೂ ಉಳಿಸಲು ಹೋಗಿ

ಇದಕ್ಕೆ ವಿರುದ್ಧ ದಿಕ್ಕಿನ ಪಾಠ ಬ್ರಿಟನ್ನಿನದು. 1962ರಲ್ಲಿ ಬಂದ ಒಂದೇ ಪುಟ್ಟ ಕಾರು ಮಾರಿಸ್, ಆಸ್ಟಿನ್, ಎಂಜಿ, ವೂಲ್ಸ್‌ಲಿ, ರೈಲಿ, ವ್ಯಾಂಡನ್ ಪ್ಲಾ ಎಂಬ ಆರು ಹೆಸರುಗಳಲ್ಲಿ ಮಾರಾಟವಾಯಿತು. 1968ರಲ್ಲಿ ಹಲವು ಕಂಪನಿಗಳನ್ನು ಒಗ್ಗೂಡಿಸಿ ಬ್ರಿಟಿಷ್ ಲೇಲ್ಯಾಂಡ್ ಕಟ್ಟಿದಾಗ ಜಾಗ್ವಾರ್, ಟ್ರಯಂಫ್, ರೋವರ್ ಎಲ್ಲವೂ ಅದೇ ಸೂರಿನಡಿ ಬಂದವು. ಒಂದೇ ಕಂಪನಿಯ ಟ್ರಯಂಫ್ ಮತ್ತು ರೋವರ್ ಒಂದೇ ಗಿರಾಕಿಗಾಗಿ ಪರಸ್ಪರ ಪೈಪೋಟಿ ನಡೆಸಿದವು. 1975ರಲ್ಲಿ ಸರ್ಕಾರವೇ ಕಂಪನಿಯನ್ನು ವಶಕ್ಕೆ ತೆಗೆದುಕೊಳ್ಳಬೇಕಾಯಿತು. ಹೆಸರು ಬಿಡುವ ನಿರ್ಧಾರವನ್ನು ಮುಂದೂಡುತ್ತ ಹೋದ ಕಂಪನಿಯ ಕೈಯಿಂದ ಹೆಸರುಗಳು ತಾವೇ ಒಂದೊಂದಾಗಿ ಜಾರಿದವು.

ಆ ಮನೆಯ ಹೆಸರುಗಳು ಭಾರತಕ್ಕೆ ಬಂದ ಬಗೆ ನಮ್ಮ ಓದುಗರಿಗೆ ಕುತೂಹಲದ್ದು. ಮಾರಿಸ್ ಆಕ್ಸ್‌ಫರ್ಡ್ ಕೋಲ್ಕತ್ತ ಬಳಿಯ ಉತ್ತರಪಾರಾದಲ್ಲಿ ಅಂಬಾಸಿಡರ್ ಆಯಿತು. ಜಾಗ್ವಾರ್, ಲ್ಯಾಂಡ್ ರೋವರ್ ಟಾಟಾ ಪಾಲಾದವು. ರೋವರ್ ಹೆಸರಿನ ಹಕ್ಕೂ ಆ ವ್ಯವಹಾರದಲ್ಲೇ ಸೇರಿ ಬಂತು. ಎಂಜಿ ಚೀನಾದ ಸಾಯಿಕ್ ಕಂಪನಿಯ ಕೈಸೇರಿ, ಗುಜರಾತಿನ ಹಾಲೋಲ್‌ನಲ್ಲಿ ಜನರಲ್ ಮೋಟರ್ಸ್ ಬಿಟ್ಟುಹೋದ ಕಾರ್ಖಾನೆಯಲ್ಲಿ 2019ರಲ್ಲಿ ಮತ್ತೆ ಕಣ್ಣು ತೆರೆಯಿತು. ಒಬ್ಬ ದಿವಾಳಿಗನ ಕಾರ್ಖಾನೆಯಲ್ಲಿ ಮತ್ತೊಬ್ಬ ದಿವಾಳಿಗನ ಹೆಸರು ಬದುಕಿತು. ಹೆಸರಿಗೆ ಇಷ್ಟು ಆಯುಷ್ಯವಿದೆ. ಆ ಹೆಸರನ್ನು ಮೊದಲು ಕಟ್ಟಿದ ಕಾರ್ಮಿಕರ ಊರಿಗೆ ಮಾತ್ರ ಅದರಿಂದ ಏನೂ ಸಿಗಲಿಲ್ಲ.

ಭಾರತದಲ್ಲಿ ಮರೆಯಾದವು

ಅಂಬಾಸಿಡರ್ ತಯಾರಿ 2014ರ ಮೇ ತಿಂಗಳಲ್ಲಿ ನಿಂತಿತು. 2017ರಲ್ಲಿ ಆ ಹೆಸರನ್ನು ಫ್ರಾನ್ಸಿನ ಪೂಜೋ ಗುಂಪು 80 ಕೋಟಿ ರೂಪಾಯಿಗೆ ಕೊಂಡಿತು. ಹಿಂದೂಸ್ತಾನ್ ಮೋಟರ್ಸ್ ಹೆಸರನ್ನು ದಶಕಗಳ ಕಾಲ ಕಾಪಾಡಿತು, ಒಳಗಿನ ಯಂತ್ರವನ್ನು ಕಾಲಕ್ಕೆ ತಕ್ಕಂತೆ ಹೊಸದು ಮಾಡಲಿಲ್ಲ. ಹೆಸರಿಗೆ ನಿಷ್ಠೆ ತೋರಿ ಕೆಲಸಕ್ಕೆ ಮೋಸ ಮಾಡಿದ ಕಥೆ ಇದು.

ಜನರಲ್ ಮೋಟರ್ಸ್ ಭಾರತದಲ್ಲಿ ಮಾಡಿದ್ದು ಇದಕ್ಕೆ ತದ್ವಿರುದ್ಧ. 1990ರ ದಶಕದಲ್ಲಿ ಓಪೆಲ್ ಹೆಸರಿನಲ್ಲಿ ಬಂದು ಆಸ್ಟ್ರಾ, ಕೋರ್ಸಾ ಮಾರಿತು. 2003ರಲ್ಲಿ ಷೆವರ್ಲೆಯನ್ನು ತಂದು ಕೆಲವೇ ವರ್ಷಗಳಲ್ಲಿ ಓಪೆಲನ್ನು ಬಿಟ್ಟಿತು. ಕೊನೆಗೆ 2017ರ ಮೇ ತಿಂಗಳಲ್ಲಿ ಷೆವರ್ಲೆಯನ್ನೂ ಭಾರತದಿಂದ ಹಿಂತೆಗೆಯುವುದಾಗಿ ಪ್ರಕಟಿಸಿತು. ನಿಸ್ಸಾನ್ ಕಂಪನಿ ಡ್ಯಾಟ್ಸನ್ ಎಂಬ ಹಳೆಯ ಹೆಸರಿಗೆ ಮರುಜೀವ ಕೊಟ್ಟು 2014ರಲ್ಲಿ ಅಗ್ಗದ ಗೋ ಕಾರು ಬಿಡುಗಡೆ ಮಾಡಿ, 2022ರಲ್ಲಿ ಮತ್ತೆ ನಿಲ್ಲಿಸಿತು. ಅಗ್ಗ ಎಂಬುದೊಂದೇ ಗುರುತಾದ ಬ್ರ್ಯಾಂಡಿಗೆ ನಮ್ಮ ಜನ ಒಲಿಯುವುದಿಲ್ಲ. ಕಾರು ಕೊಳ್ಳುವುದು ಬಡ ಮಧ್ಯಮ ವರ್ಗದ ಮನೆಯಲ್ಲಿ ಮರ್ಯಾದೆಯ ಸಂಗತಿ. ಬಡತನವನ್ನು ಬಾನೆಟ್ಟಿನ ಮೇಲೆ ಅಂಟಿಸಿಕೊಂಡು ತಿರುಗಲು ಯಾರೂ ಸಾಲ ಮಾಡುವುದಿಲ್ಲ. ಟಾಟಾ ಕಂಪನಿಯ ಅಗ್ಗದ ಕಾರು ನ್ಯಾನೋ ಹೇಳಿದ್ದೂ ಇದನ್ನೇ.

ಟಾಟಾ: ಕತ್ತರಿಸಿ ಬದುಕಿದ ಕಂಪನಿ

ಈ ಸಮೀಕ್ಷೆಯಲ್ಲಿ ನಮಗೆ ಅತಿ ಹತ್ತಿರದ, ಅತಿ ಸಮೃದ್ಧವಾದ ಪ್ರಕರಣ ಟಾಟಾ ಮೋಟರ್ಸ್‌ನದು. 1991ರಲ್ಲಿ ಸಿಯೆರಾ, 1994ರಲ್ಲಿ ಸುಮೋ, 1998ರಲ್ಲಿ ಸಫಾರಿ ಮತ್ತು ಇಂಡಿಕಾ, 2002ರಲ್ಲಿ ಇಂಡಿಗೊ, 2009ರಲ್ಲಿ ನ್ಯಾನೋ. ಒಂದೊಂದೂ ತನ್ನ ಕಾಲದಲ್ಲಿ ಸುದ್ದಿ ಮಾಡಿದ್ದೇ. ಸುಮೋ ಎಂಬ ಹೆಸರು ಕಂಪನಿಯನ್ನು ಕಟ್ಟಿ ಬೆಳೆಸಿದ ಸುಮಂತ್ ಮೂಳಗಾಂವಕರ್ ಅವರ ಹೆಸರಿನ ಮೊದಲ ಅಕ್ಷರಗಳಿಂದ ಬಂದದ್ದು. ನ್ಯಾನೋ ತಯಾರಿಕೆಗೆ ಸಾನಂದ್‌ನಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಕಾರಿನ ಸಾಮರ್ಥ್ಯದ ಕಾರ್ಖಾನೆ ಎದ್ದಿತು. ಅತ್ಯುತ್ತಮ ವರ್ಷದಲ್ಲೂ ಅದರ ಮೂರನೇ ಒಂದು ಭಾಗದಷ್ಟು ನ್ಯಾನೋ ಮಾರಾಟವಾಗಲಿಲ್ಲ. ಇಂಡಿಕಾ ಟ್ಯಾಕ್ಸಿಯ ಪಟ್ಟ ಹೊತ್ತುಕೊಂಡಿತು, ಮನೆಗೆ ಕೊಳ್ಳುವವರು ದೂರ ಸರಿದರು. 2014–15ರಲ್ಲಿ ಜೆಸ್ಟ್, ಬೋಲ್ಟ್ ಎಂಬ ಹೊಸ ಹೆಸರುಗಳು ಬಂದವು, ನಿಲ್ಲಲಿಲ್ಲ. 2017ರಲ್ಲಿ ಟಾಮೊ ಎಂಬ ಉಪಬ್ರ್ಯಾಂಡನ್ನು ಜಿನೀವಾ ಪ್ರದರ್ಶನದಲ್ಲಿ ಮೆರೆಸಿದರು. ಹಣದ ಇಕ್ಕಟ್ಟಿನಲ್ಲಿ ಅದೇ ವರ್ಷ ಪಕ್ಕಕ್ಕಿಟ್ಟರು.

2016ರಿಂದ ದಿಕ್ಕು ಬದಲಾಯಿತು. ಆರು ಬಗೆಯ ಪ್ಲಾಟ್‌ಫಾರ್ಮ್‌ಗಳನ್ನು (ಕಾರಿನ ತಳಹದಿಗಳನ್ನು) ಎರಡಕ್ಕೆ ಇಳಿಸುವ ಯೋಜನೆ ಹಾಕಿಕೊಂಡರು. ಇಂಡಿಕಾ, ಇಂಡಿಗೊ, ನ್ಯಾನೋ 2018ರ ಹೊತ್ತಿಗೆ, ಸುಮೋ ಮತ್ತು ಹಳೆಯ ಸಫಾರಿ 2019ರಲ್ಲಿ ನಿಂತವು. ಆ ಜಾಗಕ್ಕೆ ಟಿಯಾಗೊ, ನೆಕ್ಸಾನ್, ಹ್ಯಾರಿಯರ್, ಆಲ್ಟ್ರೋಜ್, ಪಂಚ್ ಬಂದವು. 2018ರ ಡಿಸೆಂಬರಿನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸುರಕ್ಷಾ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದ ಮೊದಲ ಭಾರತೀಯ ಕಾರು ನೆಕ್ಸಾನ್. ಅದೇ ಹೊತ್ತಿಗೆ ಜಾಗ್ವಾರ್ ಲ್ಯಾಂಡ್ ರೋವರ್‌ನ ಆಸ್ತಿಯ ಮೌಲ್ಯವನ್ನು ಇಳಿಸಬೇಕಾಗಿ ಬಂದು, ಆ ವರ್ಷದ ಅಕ್ಟೋಬರ್–ಡಿಸೆಂಬರ್ ತ್ರೈಮಾಸಿಕದಲ್ಲಿ ಕಂಪನಿ 26,961 ಕೋಟಿ ರೂಪಾಯಿ ನಷ್ಟ ತೋರಿಸಿತು. ಆ ಹೊಡೆತದಲ್ಲೂ ಭಾರತದ ಕಾರು ವಿಭಾಗವನ್ನು ಮುಚ್ಚದೆ ಕತ್ತರಿಸಿ ಚಿಗುರಿಸಿದರು. 2019–20ರಲ್ಲಿ ಸುಮಾರು 1.3 ಲಕ್ಷಕ್ಕೆ ಇಳಿದಿದ್ದ ದೇಶೀಯ ಮಾರಾಟ 2023–24ರಲ್ಲಿ 5.7 ಲಕ್ಷ ದಾಟಿತು. 2024ರಲ್ಲಿ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು ಪಂಚ್.

ಲೆಕ್ಕದ ಪುಸ್ತಕದಲ್ಲಿ ಇದು ಗೆಲುವು, ಅನುಮಾನವಿಲ್ಲ. ಇಂಡಿಕಾ ಹೆಸರು ಬಿಟ್ಟದ್ದು ಸರಿ; ಅದರ ಕೆಲಸವನ್ನು ಟಿಯಾಗೊ ಇನ್ನೂ ಚೆನ್ನಾಗಿ ಮಾಡುತ್ತಿದೆ. ನ್ಯಾನೋ ಬಿಟ್ಟದ್ದೂ ಸರಿ. ಹೊಸ ಸುರಕ್ಷಾ ಮತ್ತು ಹೊಗೆ ನಿಯಮಗಳಿಗೆ ಅದನ್ನು ತಿದ್ದಲು ತಗಲುವ ಹಣ ವಾಪಸು ಬರುತ್ತಿರಲಿಲ್ಲ. ಸಫಾರಿ ಹೆಸರನ್ನು 2021ರಲ್ಲಿ, ಸಿಯೆರಾ ಹೆಸರನ್ನು 2025ರಲ್ಲಿ ಹೊಚ್ಚಹೊಸ ಗಾಡಿಗಳಿಗೆ ಮರಳಿ ಇಟ್ಟರು. ನೆನಪಿನಲ್ಲಿ ಉಳಿದ ಹೆಸರಿಗೆ ಬೆಲೆ ಇದೆ ಎಂಬ ಲೆಕ್ಕಾಚಾರ ಅದು.

ನನ್ನ ತಕರಾರು ಸುಮೋ ಬಗ್ಗೆ. ಇಂಡಿಕಾ ಹೋದಾಗ ಅದರ ಕೆಲಸ ಮಾಡಲು ಅದೇ ಮನೆಯ ಇನ್ನೊಂದು ಕಾರು ಬಂತು. ಸುಮೋ ಹೋದಾಗ ಅದರ ಕೆಲಸಕ್ಕೆ ಆ ಕಂಪನಿಯಿಂದ ಯಾವುದೂ ಬರಲಿಲ್ಲ. ಎತ್ತರದ ಗಾಡಿ, ಗಟ್ಟಿ ಚಾಸಿ, ಹಿಂದೆ ಎದುರುಬದುರು ಸೀಟು, ಊರ ಮೇಸ್ತ್ರಿಯೇ ಬಿಚ್ಚಿ ಜೋಡಿಸಬಲ್ಲ ಎಂಜಿನ್. ಖಾನಾಪುರದ ಕಾಡಂಚಿನ ಹಳ್ಳಿಗಳಲ್ಲಿ ಬಸ್ಸು ಬಾರದ ಹೊತ್ತಿನಲ್ಲಿ ಹೆರಿಗೆ ನೋವಿನ ಹೆಣ್ಣುಮಗಳನ್ನು ತಾಲೂಕಾಸ್ಪತ್ರೆಗೆ ತರುವ ಕೆಲಸ ಹ್ಯಾರಿಯರಿನದ್ದಲ್ಲ. ಆ ಕೆಲಸವನ್ನು ಇಂದು 2000ದಲ್ಲಿ ಬಂದ ಮಹೀಂದ್ರಾ ಬೊಲೆರೋ, ಫೋರ್ಸ್ ಕಂಪನಿಯ ಟ್ರಾಕ್ಸ್ ಕ್ರೂಸರ್ ಮಾಡುತ್ತಿವೆ. ಮಹೀಂದ್ರಾ 2022ರಲ್ಲಿ ಹೊಸ ಸ್ಕಾರ್ಪಿಯೊ ಎನ್ ತಂದಾಗ ಹಳೆಯದನ್ನು ಬಿಸಾಡದೆ ಸ್ಕಾರ್ಪಿಯೊ ಕ್ಲಾಸಿಕ್ ಎಂದು ಉಳಿಸಿಕೊಂಡಿತು. ಹಳ್ಳಿಯ ಗಿರಾಕಿಯನ್ನು ಪಕ್ಕದ ಕಂಪನಿಗೆ ಬಿಟ್ಟುಕೊಟ್ಟದ್ದು ಟಾಟಾ ಮಾಡಿದ ತಪ್ಪು ಎಂದೇ ನನ್ನ ತೀರ್ಮಾನ. ನಗರದ ಕನಸಿಗೆ ಬೇಕಾದ ಎರಡು ಹೆಸರು ಮರಳಿ ಬಂದವು, ಹಳ್ಳಿಯ ಹೊಣೆ ಹೊತ್ತಿದ್ದ ಹೆಸರು ಬರಲಿಲ್ಲ.

ಬಿಡದಿ: ಏರುತ್ತಿರುವಾಗಲೇ ಬಿಟ್ಟ ಧೈರ್ಯ

ಕಾಯಿಲೆ ಬೀಳುವ ಮೊದಲೇ ಬಿಡುವುದು ಸಾಧ್ಯ ಎಂದು ತೋರಿಸಿದ್ದು ನಮ್ಮ ರಾಜ್ಯದ್ದೇ ಕಂಪನಿ, ಬಿಡದಿಯ ಟೊಯೋಟಾ ಕಿರ್ಲೋಸ್ಕರ್. ಬೆಳಗಾವಿಗೂ ಅದಕ್ಕೂ ಹಳೆಯ ನಂಟು. ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು, ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲಿಗೆ ಕೈಹಾಕಿದರು. ಊರಿನ ವಿಸ್ತರಣೆಗಾಗಿ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ಆಸರೆಯಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಬೆಳಗಾವಿಯ ಕಿರ್ಲೋಸ್ಕರ ರಸ್ತೆ ಇಂದಿಗೂ ಆ ಹೆಸರು ಹೊತ್ತಿದೆ. ಅದೇ ಮನೆತನದ ಮುಂದಿನ ತಲೆಮಾರು ಜಪಾನಿನ ಟೊಯೋಟಾ ಜೊತೆ ಕೈಜೋಡಿಸಿ 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಸ್ಥಾಪಿಸಿತು. ಬಿಡದಿಯಿಂದ 2000ದ ಆರಂಭದಲ್ಲಿ ಕ್ವಾಲಿಸ್ ಮಾರುಕಟ್ಟೆಗೆ ಬಂತು.

ಕ್ವಾಲಿಸ್‌ಗೆ ಬೇಡಿಕೆ ಕುಸಿದಿರಲೇ ಇಲ್ಲ. ಟೂರಿಸ್ಟ್ ಗಾಡಿ ಎಂದರೆ ಕ್ವಾಲಿಸ್ ಎನ್ನುವಷ್ಟು ಅದು ನೆಲೆಯೂರಿತ್ತು. 2005ರಲ್ಲಿ ಕಂಪನಿ ಅದನ್ನು ನಿಲ್ಲಿಸಿ, ಹೆಚ್ಚು ಬೆಲೆಯ ಇನ್ನೋವಾ ತಂದಿತು. ಆಗ ಹುಚ್ಚುತನ ಎಂದವರೇ ಬಹಳ. ಕ್ವಾಲಿಸ್ ತೆರವು ಮಾಡಿದ ಅಗ್ಗದ ಜಾಗಕ್ಕೆ ಟವೇರಾ, ಸುಮೋ, ಬೊಲೆರೋ ನುಗ್ಗಿದ್ದೂ ನಿಜ. ಆದರೆ ಇನ್ನೋವಾ ಎರಡು ದಶಕ ಮೀರಿ ನಿಂತಿತು. 2022ರ ಕೊನೆಯಲ್ಲಿ ಹೈಬ್ರಿಡ್ ಎಂಜಿನ್ನಿನ ಹೈಕ್ರಾಸ್ ತಂದಾಗ ಡೀಸೆಲ್ ಕ್ರಿಸ್ಟಾವನ್ನು ಕಂಪನಿ ತಟ್ಟನೆ ಕೊಲ್ಲಲಿಲ್ಲ. ಒಂದೇ ಹೆಸರಿನಡಿ ಹೊಸತು ಹಳತು ಎರಡನ್ನೂ ನಡೆಸಿತು. ಘಾಟಿ ರಸ್ತೆಯ ಚಾಲಕನಿಗೆ ಕ್ರಿಸ್ಟಾ, ನಗರದ ಮನೆಗೆ ಹೈಕ್ರಾಸ್. ಅತ್ತ 2010ರ ಕೊನೆಯಲ್ಲಿ ಬಂದ ಎಟಿಯೋಸ್ 2020ರಲ್ಲಿ ನಿಂತಿತು, ಆ ಜಾಗದಲ್ಲಿ ಮಾರುತಿಯಿಂದ ಪಡೆದ ಕಾರುಗಳಿಗೆ ಟೊಯೋಟಾ ಚಿಹ್ನೆ ಬಂತು. ಸಣ್ಣ ಕಾರಿನಲ್ಲಿ ತನ್ನ ಯಂತ್ರ ಬಿಟ್ಟು ಹೆಸರು ಉಳಿಸಿಕೊಂಡಿತು, ದೊಡ್ಡ ಗಾಡಿಯಲ್ಲಿ ಎರಡನ್ನೂ ಉಳಿಸಿಕೊಂಡಿತು. ಎಲ್ಲಿ ತನ್ನ ಬಲ ಇದೆ ಎಂಬ ಸ್ಪಷ್ಟ ಅರಿವು ಇದರ ಹಿಂದಿದೆ.

ಎರಕದ ಮನೆಗೆ ಯಾವ ಸುದ್ದಿ ಮುಟ್ಟುತ್ತದೆ?

ಈಗ ಉದ್ಯಮಬಾಗಕ್ಕೆ ಬರೋಣ. ಫೌಂಡ್ರಿಗೆ ಬ್ರ್ಯಾಂಡ್ ಎಂಬುದು ಬಹಳ ದೂರದ ಮಾತು. ಇಲ್ಲಿ ತಯಾರಾಗುವ ಎರಕದ ಭಾಗದ ಮೇಲೆ ಇರುವುದು ಒಂದು ಪಾರ್ಟ್ ನಂಬರ್. ಒಂದು ಭಾಗದ ಆರ್ಡರ್ ಸಿಗಬೇಕಾದರೆ ಮೊದಲು ಪ್ಯಾಟರ್ನ್ (ಅಚ್ಚು ಒತ್ತುವ ಪ್ರತಿರೂಪ) ಮಾಡಿಸಬೇಕು, ಕೋರ್ ಬಾಕ್ಸ್ ಮಾಡಿಸಬೇಕು, ಮಾದರಿ ತುಂಡುಗಳನ್ನು ಎರೆದು ಕಂಪನಿಯ ಒಪ್ಪಿಗೆ ಪಡೆಯಬೇಕು. ಇದಕ್ಕೆ ಹೂಡಿದ ಹಣ ವರ್ಷಗಟ್ಟಲೆ ಸತತ ಆರ್ಡರ್ ಬಂದರೆ ಮಾತ್ರ ಮರಳುತ್ತದೆ. ಅದರ ಜೊತೆ ಬ್ಯಾಂಕಿನ ಸಾಲ, ವಿದ್ಯುತ್ ಬಿಲ್ಲು, ಹಂಗಾಮಿ ಕೆಲಸಗಾರರ ಕೂಲಿ.

ಮಾದರಿಯ ಹೆಸರು ಹೋಗಿ ಎಂಜಿನ್ ಉಳಿದರೆ ಫೌಂಡ್ರಿಯ ಒಲೆ ಆರುವುದಿಲ್ಲ. ಅದೇ ಭಾಗ ಬೇರೆ ಹೆಸರಿನ ಗಾಡಿಗೆ ಹೋಗುತ್ತದೆ. ಹೆಸರು ಉಳಿದು ಒಳಗಿನ ಎಂಜಿನ್ ಬದಲಾದರೆ ಪತ್ರಿಕೆಗಳಲ್ಲಿ ಸುದ್ದಿಯೇ ಆಗುವುದಿಲ್ಲ, ಆದರೆ ಪ್ಯಾಟರ್ನುಗಳು ಗುಜರಿಗೆ ಸೇರುತ್ತವೆ. ವಿದ್ಯುತ್ ಕಾರುಗಳ ಕಾಲದಲ್ಲಿ ಇದು ಇನ್ನೂ ಗಂಭೀರ. ನೆಕ್ಸಾನ್ ಹೆಸರು ಪೆಟ್ರೋಲ್ ಗಾಡಿಗೂ ಇದೆ, ಬ್ಯಾಟರಿ ಗಾಡಿಗೂ ಇದೆ. ಬ್ಯಾಟರಿ ನೆಕ್ಸಾನ್‌ಗೆ ಸಿಲಿಂಡರ್ ಬ್ಲಾಕ್ ಬೇಡ, ಸಿಲಿಂಡರ್ ಹೆಡ್ ಬೇಡ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬೇಡ. ಹೆಸರು ಹಾಗೇ ಇದ್ದು ಕೆಲಸ ಕರಗುವುದನ್ನು ಬೆಳಗಾವಿ ಈಗಿನಿಂದಲೇ ಗಮನಿಸಬೇಕು. ಬ್ರೇಕ್, ಆಕ್ಸಲ್, ಸಸ್ಪೆನ್ಷನ್ನಿನ ಎರಕದ ಭಾಗಗಳು, ಹಗುರ ಲೋಹದ ಎರಕ, ಪಂಪು, ಹೈಡ್ರಾಲಿಕ್ಸ್ ಇತ್ತ ಹೆಚ್ಚು ಹೊರಳದೆ ಗತಿಯಿಲ್ಲ.

ಪಕ್ಕದ ಧಾರವಾಡದ ಅನುಭವ ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತದೆ. ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಬಸ್ಸಿನ ಬಾಡಿ ಕಟ್ಟುವ ಟಾಟಾ ಮಾರ್ಕೊಪೋಲೊ 2006ರಲ್ಲಿ ಬ್ರೆಜಿಲ್ ಕಂಪನಿಯ ಪಾಲುದಾರಿಕೆಯಲ್ಲಿ ಹುಟ್ಟಿತು. 2020ರ ಡಿಸೆಂಬರಿನಲ್ಲಿ ಮಾರ್ಕೊಪೋಲೊದ ಶೇ. 49ರಷ್ಟು ಪಾಲನ್ನು ಸುಮಾರು 100 ಕೋಟಿ ರೂಪಾಯಿಗೆ ಟಾಟಾ ಕೊಳ್ಳುವ ಒಪ್ಪಂದವಾಯಿತು. ಕಂಪನಿಗೆ ಟಾಟಾ ಮೋಟರ್ಸ್ ಬಾಡಿ ಸೊಲ್ಯೂಷನ್ಸ್ ಎಂಬ ಹೊಸ ಹೆಸರು ಬಂತು. ಹೆಸರು ಹೋಯಿತು, ಬಸ್ಸು ಕಟ್ಟುವ ಕೆಲಸ ಧಾರವಾಡದಲ್ಲೇ ಉಳಿಯಿತು. ಮೈಸೂರಿನಲ್ಲಿ ಆದದ್ದು ತದ್ವಿರುದ್ಧ. 1960ರ ದಶಕದ ಆರಂಭದಲ್ಲಿ ಶುರುವಾದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಮರಳಿ ಬಂದವು. ಬೈಕು ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಅಭಿಮಾನಿಗಳಿಗೆ ಸಂತೋಷವಾಯಿತು, ಮೈಸೂರಿನ ಯಾದವಗಿರಿಯಲ್ಲಿ ಪಾಳಿಯ ಸೈರನ್ ಮತ್ತೆ ಕೂಗಲಿಲ್ಲ. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕಾದರೆ ಧಾರವಾಡದ ದಾರಿಯೇ ಮೇಲು.

ಇಂದಿನ ಸಂಕಷ್ಟಗಳು

ಪ್ರಶ್ನೆ ಹಳೆಯದಾಗಿಲ್ಲ. 2021ರ ಜನವರಿಯಲ್ಲಿ ಫಿಯೆಟ್ ಕ್ರೈಸ್ಲರ್ ಮತ್ತು ಪೂಜೋ ಗುಂಪು ಒಂದಾಗಿ ಹುಟ್ಟಿದ ಸ್ಟೆಲಾಂಟಿಸ್ ಬಳಿ ಜೀಪ್, ಸಿಟ್ರನ್, ಓಪೆಲ್, ಆಲ್ಫಾ ರೋಮಿಯೊ, ಲಾನ್ಸಿಯಾ, ಮಾಸೆರಾಟಿ ಸೇರಿ 14 ಬ್ರ್ಯಾಂಡುಗಳಿದ್ದವು. ಪ್ರತಿಯೊಂದಕ್ಕೂ ತನ್ನನ್ನು ಸಾಬೀತುಪಡಿಸಲು ಹತ್ತು ವರ್ಷ ಎಂದಿದ್ದ ಮುಖ್ಯಸ್ಥ ಕಾರ್ಲೊಸ್ ತವಾರೆಸ್ 2024ರ ಡಿಸೆಂಬರಿನಲ್ಲಿ ತಾವೇ ಹುದ್ದೆ ಬಿಟ್ಟರು. ಒಂದೇ ಯಂತ್ರದ ಮೇಲೆ ಅಷ್ಟೊಂದು ಹೆಸರು ಹೊಂದಿಸುವುದು ಬ್ರಿಟಿಷ್ ಲೇಲ್ಯಾಂಡ್ ನಡೆದ ದಾರಿ. ಟಾಟಾ ಒಡೆತನದ ಜಾಗ್ವಾರ್ ಇನ್ನೊಂದು ತುದಿಗೆ ಹೋಯಿತು: ಹಳೆಯ ಮಾದರಿಗಳನ್ನು ಒಂದೊಂದಾಗಿ ನಿಲ್ಲಿಸಿ, 2024ರ ಕೊನೆಗೆ ಬ್ರಿಟನ್ನಿನಲ್ಲಿ ಹೊಸ ಕಾರು ಮಾರುವುದನ್ನೇ ಬಿಟ್ಟು, ಪೂರ್ತಿ ವಿದ್ಯುತ್ ಕಾರಿನ ಕಂಪನಿಯಾಗಿ ಮರುಹುಟ್ಟು ಪಡೆಯಲು ಹೊರಟಿತು. ಹೆಸರೊಂದನ್ನು ಉಳಿಸಿ ಅದರ ಗಿರಾಕಿ, ಬೆಲೆ, ಯಂತ್ರ ಎಲ್ಲವನ್ನೂ ಒಟ್ಟಿಗೆ ಬದಲಿಸುವ ಸಾಹಸ ಇದು. ಟಾರಸ್‌ನಿಂದ ಇನ್ನೋವಾವರೆಗಿನ ಅನುಭವ ಹೇಳುವಂತೆ, ಹೆಸರಿನ ಬಲ ಇರುವುದು ಹಳೆಯ ಗಿರಾಕಿಯ ನಂಬಿಕೆಯಲ್ಲಿ. ಅವನನ್ನು ಬಿಟ್ಟು ಹೆಸರನ್ನಷ್ಟೇ ಹಿಡಿದರೆ ಕೈಗೆ ಸಿಗುವುದು ಅಲ್ಪ.

ಒರೆಗಲ್ಲು

ಇಷ್ಟು ಪ್ರಕರಣಗಳಿಂದ ಮೂಡುವ ಉತ್ತರ ಹೀಗಿದೆ. ಹೆಸರೊಂದು ಉಳಿಯಬೇಕೇ ಎಂದು ತೀರ್ಮಾನಿಸುವಾಗ ಮೊದಲು ಕೇಳಬೇಕಾದದ್ದು, ಅದೇ ಮನೆಯ ಬೇರೆ ಯಾವ ಹೆಸರೂ ಮಾಡದ ಕೆಲಸವನ್ನು ಇದು ಮಾಡುತ್ತಿದೆಯೇ ಎಂದು. ಪಾಂಟಿಯಾಕ್, ಮರ್ಕ್ಯುರಿ, ಇಂಡಿಕಾ ಈ ಪರೀಕ್ಷೆಯಲ್ಲಿ ಸೋಲುತ್ತವೆ. ಬ್ಯೂಕ್, ಇನ್ನೋವಾ, ಬೊಲೆರೋ ಗೆಲ್ಲುತ್ತವೆ. ಸುಮೋ ಗೆಲ್ಲುತ್ತಿತ್ತು. ಎರಡನೆಯದು, ಹೆಸರಿನ ಹಿಂದೆ ರಿಪೇರಿಯ ಜಾಲ ಇದೆಯೇ? ಅಂಗಡಿಯ ಹೊಳಪಿಗಿಂತ ತಾಲೂಕಿನ ಗ್ಯಾರೇಜಿನಲ್ಲಿ ಬಿಡಿಭಾಗ ಸಿಗುವುದು ದೊಡ್ಡದು. ಫಿಯೆಟ್ ಸೋತದ್ದು ಅಲ್ಲಿಯೇ. ಮೂರನೆಯದು, ಉಳಿಸಲು ಪ್ರತ್ಯೇಕ ಯಂತ್ರಕ್ಕೆ ಹಣ ಸುರಿಯಬೇಕೇ, ಇರುವ ಚಾಸಿಯ ಮೇಲೆಯೇ ನಿಲ್ಲಬಲ್ಲದೇ? ಜಿಎಂಸಿ ಉಳಿದದ್ದು, ನ್ಯಾನೋ ಉಳಿಯದೇ ಹೋದದ್ದು ಈ ಲೆಕ್ಕದಿಂದ. ನಾಲ್ಕನೆಯದು, ಬಿಟ್ಟ ಮೇಲಿನ ಹೊಣೆ ಯಾರದು?

ಈ ನಾಲ್ಕನೆಯ ಪ್ರಶ್ನೆಯನ್ನು ಕಂಪನಿಗಳ ಸಲಹೆಗಾರರು ಕೇಳುವುದೇ ಇಲ್ಲ. ಆದ್ದರಿಂದ ನಾವು ಕೇಳಬೇಕು. ಕಾರನ್ನು ಐದು ವರ್ಷಕ್ಕೊಮ್ಮೆ ಬದಲಿಸುವ ನಗರದವನಿಗೆ ಹೆಸರು ನಿಂತರೆ ಆಗುವ ನಷ್ಟ ಸ್ವಲ್ಪ. ಅದೇ ಕಾರನ್ನು ಎರಡನೆಯ, ಮೂರನೆಯ ಒಡೆಯನಾಗಿ ಸಾಲ ಮಾಡಿ ಕೊಂಡು ಬಾಡಿಗೆಗೆ ಓಡಿಸುವ ಹಳ್ಳಿಯ ಹುಡುಗನಿಗೆ ಅದು ಇಡೀ ಬದುಕು. ನಿಂತುಹೋದ ಮಾದರಿಗಳು ಬೆಲೆ ಕುಸಿದು ಕೊನೆಗೆ ಬಂದು ಸೇರುವುದು ಇಂಥವನ ಅಂಗಳಕ್ಕೇ. ನಿಲ್ಲಿಸುವ ಕಂಪನಿ ಕನಿಷ್ಠ ಹದಿನೈದು ವರ್ಷ ಎಂಜಿನ್, ಬ್ರೇಕ್, ಸ್ಟಿಯರಿಂಗ್ ಭಾಗಗಳನ್ನು ನ್ಯಾಯವಾದ ಬೆಲೆಗೆ ಒದಗಿಸಬೇಕು. ತನ್ನಿಂದ ಆಗದಿದ್ದರೆ ಆ ಭಾಗಗಳ ನಕ್ಷೆ ಮತ್ತು ಪ್ಯಾಟರ್ನನ್ನು ಬೆಳಗಾವಿ, ಕೊಲ್ಹಾಪುರದಂಥ ಊರುಗಳ ಫೌಂಡ್ರಿಗಳಿಗೆ ಅಧಿಕೃತವಾಗಿ ಬಿಟ್ಟುಕೊಡಬೇಕು. ಇದು ಕಾನೂನಿನ ಕಟ್ಟುಪಾಡಾಗಬೇಕು. ಇದರಿಂದ ಗುಜರಿಗೆ ಹೋಗುವ ಪ್ಯಾಟರ್ನಿಗೆ ಕೆಲಸ ಸಿಗುತ್ತದೆ, ನಕಲಿ ಬಿಡಿಭಾಗದ ಹಾವಳಿ ತಗ್ಗುತ್ತದೆ, ಘಾಟಿಯಲ್ಲಿ ಬ್ರೇಕ್ ಕೈಕೊಡುವ ಅಪಾಯ ಕಡಿಮೆಯಾಗುತ್ತದೆ.

ಕಡಿಮೆ ಹೆಸರು, ಪ್ರತಿ ಹೆಸರಿಗೂ ತನ್ನದೇ ಕೆಲಸ, ಬಿಟ್ಟ ಹೆಸರಿಗೂ ಉಳಿದ ಹೊಣೆ. ಸಂಕಷ್ಟದಲ್ಲಿರುವ ಕಂಪನಿಗೆ ಈ ಸಮೀಕ್ಷೆ ಕೊಡುವ ಸಲಹೆ ಇದು. ಮೊದಲ ಎರಡನ್ನು ಮಾರುಕಟ್ಟೆ ಹೇಗೂ ಕಲಿಸುತ್ತದೆ. ಮೂರನೆಯದನ್ನು ಕಲಿಸುವುದು ಮಾರುಕಟ್ಟೆಯಿಂದ ಆಗದು. ಗಾಡಿ ಓಡಿಸುವವರು, ರಿಪೇರಿ ಮಾಡುವವರು, ಎರಕ ಹೊಯ್ಯುವವರು ಒಟ್ಟಾಗಿ ಕೇಳಿದರೆ ಮಾತ್ರ ಸಾಧ್ಯ. ಕೇಳುವ ಮೊದಲ ದನಿ ಈ ಮೂವರೂ ಇರುವ ಬೆಳಗಾವಿ–ಖಾನಾಪುರದ ಕಡೆಯಿಂದ ಏಳಲಿ.